ಕಾಪುವಿನ ದೀಪ ಇನ್ನೂ ಉರಿಯುತ್ತಿದೆ, ಬಾವುಟಗುಡ್ಡೆಯದ್ದು ಯಾಕೆ ಆರಿತು?

ಮಂಗಳೂರು–ಉಡುಪಿ ಕಡೆ ಲೈಟ್‌ಹೌಸ್ ಅಂದ ಕೂಡಲೇ ಎರಡು ಜಾಗ ನೆನಪಾಗುತ್ತವೆ. ಒಂದು ಕಾಪು ಬೀಚಿನ ಪಾದೆಕಲ್ಲಿನ ಮೇಲೆ ನಿಂತಿರುವ ಗೋಪುರ. ಇನ್ನೊಂದು ಮಂಗಳೂರಿನ ನಡುಮಧ್ಯೆ, ಬಾವುಟಗುಡ್ಡೆಯ ಟಾಗೋರ್ ಪಾರ್ಕಿನಲ್ಲಿರುವ ಹಳೆಯ ಗೋಪುರ. ಮೊದಲನೆಯದರಲ್ಲಿ ಇವತ್ತಿಗೂ ರಾತ್ರಿ ದೀಪ ಹತ್ತುತ್ತದೆ. ಎರಡನೆಯದು ಹೆಸರಿಗಷ್ಟೇ ಲೈಟ್‌ಹೌಸ್. ಹಳೆಯ ಲೈಟ್‌ಹೌಸನ್ನು ಉಳಿಸುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಹಳೆಯದರಿಂದ ಶುರು ಮಾಡೋಣ. 1763ರ ಹೊತ್ತಿಗೆ ಮಂಗಳೂರು ಕೆಳದಿಯವರ ಕೈಯಿಂದ ಹೈದರಾಲಿಯ ಕೈಗೆ ಬಂತು. ಅವನಿಗೆ ಇಲ್ಲಿ ನೌಕಾಪಡೆ ಕಟ್ಟುವ ಆಸೆಯಿತ್ತು. ಬಾವುಟಗುಡ್ಡೆಯ ಗೋಪುರ ಅವನ ಕಾಲದ್ದು ಅಂತ ಊರಿನಲ್ಲಿ ಹೇಳುವುದು ವಾಡಿಕೆ. ಬ್ರಿಟಿಷರೂ ಇದೇ ಗುಡ್ಡದ ಮೇಲಿಂದ ಹಡಗುಗಳ ಮೇಲೆ ಕಣ್ಣಿಡುತ್ತಿದ್ದರು. ಜಾಗ ಅಂಥದ್ದು. ಕೆಳಗೆ ಹಳೆ ಬಂದರು, ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರುವ ಅಳಿವೆ, ಅದರಾಚೆ ಕಡಲು. 1837ರ ಏಪ್ರಿಲ್‌ನಲ್ಲಿ ಸುಳ್ಯ ಕಡೆಯಿಂದ ಬಂದ ರೈತ ದಂಡು ಬ್ರಿಟಿಷರ ಕೈಯಿಂದ ಮಂಗಳೂರನ್ನು ಹಿಡಿದಾಗ ಬಾವುಟ ಹಾರಿಸಿದ್ದೂ ಇದೇ ಗುಡ್ಡದ ಮೇಲೆ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲೇ ಅನಾವರಣಗೊಂಡಿತು.

ಹತ್ತೊಂಬತ್ತನೇ ಶತಮಾನದಲ್ಲಿ ಮಂಗಳೂರಿನ ವ್ಯಾಪಾರ ಜೋರಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಇಲ್ಲಿಂದಲೇ ಹೊರಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಹಂಚೂ ಸೇರಿಕೊಂಡಿತು. ಆದರೆ ಅಳಿವೆಯಲ್ಲಿ ಮರಳು ದಿಬ್ಬ. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಅವು ಹೊರಗೆ ಕಡಲಲ್ಲೇ ಲಂಗರು ಹಾಕಬೇಕು, ಸರಕು ದೋಣಿಗಳಲ್ಲಿ ಹೋಗಿ ಬರಬೇಕು. ಮಂಗಳೂರಿಗೆ ರೈಲು ಬಂದಿದ್ದೇ 1907ರಲ್ಲಿ. ಅಲ್ಲಿಯವರೆಗೆ ಬೊಂಬಾಯಿಗೆ ಹೋಗುವವರಿಗೂ ಬರುವವರಿಗೂ ಕಡಲೇ ಹೆದ್ದಾರಿ.

ಆ ಹೆದ್ದಾರಿಗೆ ದೀಪ ಬೇಕಿತ್ತು. ಕಾಪುವಿನ ಗೋಪುರ ಎದ್ದಿದ್ದು 1901ರಲ್ಲಿ, ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಕಾಲದಲ್ಲಿ. ಎತ್ತರ ಸುಮಾರು 27 ಮೀಟರ್. ಅದನ್ನು ಮರಳಿನ ಮೇಲೆ ಕಟ್ಟದೆ ಪಾದೆಕಲ್ಲಿನ ಮೇಲೇ ಕಟ್ಟಿದ್ದಕ್ಕೆ ಕಾರಣ ಇದೆ. ಒಂದು, ಬುಡ ಗಟ್ಟಿ. ಇನ್ನೊಂದು, ಭೂಮಿಯ ಉರುಟು. ನೀರಿನ ಮಟ್ಟದಿಂದ 27 ಮೀಟರ್ ಮೇಲೆ ನಿಂತರೆ ದಿಗಂತ ಹೆಚ್ಚು ಕಡಿಮೆ 18 ಕಿಲೋಮೀಟರ್ ದೂರದಲ್ಲಿರುತ್ತದೆ. 40 ಮೀಟರಿಗೆ ಏರಿದರೆ ಅದು 22 ಕಿಲೋಮೀಟರ್ ದಾಟುತ್ತದೆ. ಬಂಡೆ ಪುಕ್ಕಟೆಯಾಗಿ ಕೊಟ್ಟ ಎತ್ತರ, ಹಡಗಿನವನ ಕಣ್ಣಿಗೆ ದೀಪವನ್ನು ಅಷ್ಟು ಮೊದಲೇ ಬೀಳಿಸುತ್ತದೆ.

ಬರೀ ಎತ್ತರ ಇದ್ದರೆ ಸಾಲದು. ದೀಪದ ಬೆಳಕು ನಾಲ್ಕೂ ಕಡೆ ಚದುರಿ ಹೋದರೆ ದೂರಕ್ಕೆ ಏನೂ ಕಾಣಿಸದು. ಈ ತೊಂದರೆ ತೀರಿಸಿದವರು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. 1820ರ ದಶಕದಲ್ಲಿ ಅವರು ಗಾಜಿನ ಪಟ್ಟಕಗಳನ್ನು ಬಳೆಬಳೆಯಾಗಿ ಜೋಡಿಸಿ, ಚದುರುವ ಬೆಳಕನ್ನೆಲ್ಲ ಒಂದೇ ಕಡೆ ತಿರುಗಿಸುವ ಮಸೂರ ಮಾಡಿದರು. ಅದರಿಂದಾಗಿ ಸೀಮೆಎಣ್ಣೆಯ ದೀಪವೂ ಹತ್ತಾರು ಮೈಲಿ ದೂರಕ್ಕೆ ಕಾಣುವಂತಾಯಿತು. ಒಂದೊಂದು ಲೈಟ್‌ಹೌಸಿಗೂ ತನ್ನದೇ ಮಿಂಚಿನ ಲೆಕ್ಕ ಇರುತ್ತದೆ. ಇಷ್ಟು ಸೆಕೆಂಡಿಗೆ ಇಷ್ಟು ಸಲ ಅಂತ. ಅದನ್ನು ಎಣಿಸಿದರೆ ಸಾಕು, ಎದುರಿಗಿರುವುದು ಯಾವ ಊರು ಅಂತ ಗೊತ್ತಾಗುತ್ತದೆ. ಹಗಲಲ್ಲಿ ಆ ಕೆಲಸ ಮಾಡುವುದು ಬಣ್ಣ. ಕಾಪುವಿನ ಕಪ್ಪು-ಬಿಳಿ ಪಟ್ಟೆ ಸುಮ್ನೆ ಚೆಂದಕ್ಕೆ ಬಳಿದದ್ದಲ್ಲ.

ಶುರುವಿನಲ್ಲಿ ಬೇರೆ ಬೇರೆ ಪ್ರಾಂತ್ಯಗಳು ತಮ್ಮ ತಮ್ಮ ಕರಾವಳಿಯ ದೀಪಗಳನ್ನು ನೋಡಿಕೊಳ್ಳುತ್ತಿದ್ದವು. 1927ರ ಲೈಟ್‌ಹೌಸ್ ಕಾಯ್ದೆ ಬಂದ ಮೇಲೆ ಈ ಕೆಲಸ ಕೇಂದ್ರದ ಕೈಗೆ ಹೋಯಿತು. ಕಾಪುವಿನ ದೀಪ ಉಳಿದಿದ್ದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು. ಅದಕ್ಕೆ ಒಂದು ಇಲಾಖೆ ಇದೆ, ಬಜೆಟ್ ಇದೆ, ದೀಪ ಕೆಟ್ಟರೆ ಉತ್ತರ ಕೊಡಬೇಕಾದವರು ಇದ್ದಾರೆ.

ಬಾವುಟಗುಡ್ಡೆಗೆ ಈ ಭಾಗ್ಯ ಇರಲಿಲ್ಲ. ವ್ಯಾಪಾರ ಹಳೆ ಬಂದರನ್ನು ಬಿಟ್ಟು ಪಣಂಬೂರಿಗೆ ಹೊರಟಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ನವಮಂಗಳೂರು ಬಂದರನ್ನು ಉದ್ಘಾಟಿಸಿದರು. ಆ ಕಡೆಗೆ ಸುರತ್ಕಲ್‌ನಲ್ಲಿ ಹೊಸ ಲೈಟ್‌ಹೌಸ್ ಬಂತು. ಇತ್ತ ಊರು ಬೆಳೆದು ಗುಡ್ಡದ ಸುತ್ತ ಕಟ್ಟಡಗಳು ಎದ್ದವು. ಗೋಪುರವನ್ನು ಯಾರೂ ಕೆಡವಲಿಲ್ಲ, ಅದು ನಿಜ. ಸಂಜೆ ಪಾರ್ಕಿಗೆ ಬರುವವರು ಅದರ ಪಕ್ಕದಲ್ಲೇ ಕೂರುತ್ತಾರೆ. ಆದರೆ ಆ ಗೋಪುರ ಏನು ಮಾಡುತ್ತಿತ್ತು ಅಂತ ಅಲ್ಲಿ ಕೂತ ಮಕ್ಕಳನ್ನು ಕೇಳಿದರೆ ಎಷ್ಟು ಜನ ಹೇಳಿಯಾರು? ಕೆಲಸ ಕಳೆದುಕೊಂಡ ಕಟ್ಟಡಕ್ಕೆ ಬಣ್ಣ ಬಳಿದು ನಿಲ್ಲಿಸುವುದು ಅರ್ಧ ಉಳಿಸಿದಂತೆ ಅಷ್ಟೇ.

ಈಗ ಜಿಪಿಎಸ್ ಇದೆ, ಮಲ್ಪೆಯ ಬೋಟುಗಳಲ್ಲಿ ಮೀನು ಹುಡುಕುವ ಯಂತ್ರವೂ ಇದೆ, ಕಾಪುವಿನ ದೀಪ ಇನ್ನು ಯಾಕೆ ಬೇಕು ಅಂತ ಕೇಳುವವರಿದ್ದಾರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನೆನಪಿಸಿಕೊಳ್ಳಿ. ಕಾಪು ಎದುರಿನ ಕಡಲಲ್ಲಿ ಒಂದು ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ದೋಣಿ) ಬಂಡೆಗೆ ಸಿಕ್ಕಿಹಾಕಿಕೊಂಡಿತು. ಅದರಲ್ಲಿದ್ದ 9 ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ದೋಣಿ, ಹೆಲಿಕಾಪ್ಟರ್ ತಂದು ಕಾಪಾಡಬೇಕಾಯಿತು. ಯಂತ್ರ ಬಂದಿದೆ ಅಂತ ನೀರಿನಡಿಯ ಬಂಡೆ ಎಲ್ಲಿಗೂ ಹೋಗಿಲ್ಲ, ಅಲ್ವಾ? ಬ್ಯಾಟರಿ ಸತ್ತ ರಾತ್ರಿ ನಾಡದೋಣಿಯವನಿಗೆ ದಡದ ದೀಪವೇ ಗತಿ. 2008ರ ಮುಂಬೈ ದಾಳಿಯ ನಂತರವಂತೂ ದೇಶದ ಎಷ್ಟೋ ಲೈಟ್‌ಹೌಸ್‌ಗಳ ಮೇಲೆ ಹಡಗುಗಳ ಗುರುತು ಹಿಡಿಯುವ ಉಪಕರಣ ಕೂರಿಸಿದ್ದಾರೆ. ಹಳೆ ಗೋಪುರಗಳಿಗೆ ಹೊಸ ಕೆಲಸವೂ ಸಿಕ್ಕಿದೆ.

ಅಂಥ ಗೋಪುರವನ್ನು ತಿನ್ನುತ್ತಿರುವುದು ಉಪ್ಪು. ಕಡಲ ಬದಿಯ ಯಾವುದೇ ಹಳೆ ಗೋಡೆಯ ಹತ್ತಿರ ನಿಂತು ಕೈಯಾಡಿಸಿ ನೋಡಿ. ಬೆರಳಿಗೆ ಬಿಳಿ ಪುಡಿ ಅಂಟುತ್ತದೆ, ಜೊತೆಗೆ ಗಾರೆಯ ಹೊಪ್ಪಳೆಯೂ ಏಳುತ್ತದೆ. ಗಾಳಿಯಲ್ಲಿ ಬರುವ ಉಪ್ಪುನೀರು ಗೋಡೆಯೊಳಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಹರಳಾಗುತ್ತದೆ. ಹರಳು ಬೆಳೆದಂತೆ ಒಳಗಿನಿಂದಲೇ ಗಾರೆಯನ್ನು ತಳ್ಳುತ್ತದೆ. ಸುಣ್ಣದ ಗಾರೆಯಾದರೆ ಉಸಿರಾಡುತ್ತದೆ, ತೇವ ಹೊರಗೆ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು ಕಲ್ಲನ್ನೇ ಹಾಳು ಮಾಡುತ್ತದೆ. ಮೇಲಿಂದ ನೋಡಿದರೆ ರಿಪೇರಿ ಬಹಳ ಚೆನ್ನಾಗಿ ಕಾಣುತ್ತದೆ, ಕೆಲವು ಮಳೆಗಾಲ ಕಳೆದ ಮೇಲೆ ಬಂಡವಾಳ ಗೊತ್ತಾಗುತ್ತದೆ. ಕಬ್ಬಿಣದ ಕಥೆಯೂ ಅಷ್ಟೇ. ತುಕ್ಕು ಹಿಡಿದ ಕಂಬಿ ಊದುತ್ತದೆ, ಅದನ್ನು ಹಿಡಿದಿಟ್ಟ ಕಲ್ಲು ಬಿರುಕು ಬಿಡುತ್ತದೆ.

ಜನರ ಕಾಲ್ತುಳಿತವೂ ಜಾಸ್ತಿಯಾಗಿದೆ. ಸಂಜೆ ಹೊತ್ತು ಕಾಪುವಿನಲ್ಲಿ ಮೇಲೆ ಹತ್ತಲು ಬಿಡುತ್ತಾರೆ. ಸುರುಳಿ ಮೆಟ್ಟಿಲು ಇಕ್ಕಟ್ಟು, ಹತ್ತುವವರೂ ಇಳಿಯುವವರೂ ಒಬ್ಬರಿಗೊಬ್ಬರು ಒತ್ತರಿಸಿಕೊಂಡು ದಾರಿ ಬಿಡಬೇಕು. ಜನ ಬರಲಿ, ನೋಡಲಿ, ನನಗೆ ಅದು ಖುಷಿಯೇ. ಆದರೆ ಒಮ್ಮೆಗೆ ಇಷ್ಟೇ ಜನ ಅಂತ ಮಿತಿ ಇರಲೇಬೇಕು.

2021ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಅದರಡಿ ಹಳೆಯ ಲೈಟ್‌ಹೌಸ್‌ಗಳನ್ನು ಪಾರಂಪರಿಕ ಲೈಟ್‌ಹೌಸ್ ಎಂದು ಕೇಂದ್ರ ಸರ್ಕಾರ ಗುರುತಿಸಬಹುದು, ಶಿಕ್ಷಣಕ್ಕೂ ಪ್ರವಾಸಕ್ಕೂ ಬೆಳೆಸಬಹುದು. 125 ವರ್ಷದ ಕಾಪು ಗೋಪುರಕ್ಕೆ ಆ ಅರ್ಹತೆ ಖಂಡಿತ ಇದೆ. ಅದರ ಜೊತೆಗೇ ಕೇಳಬೇಕಾದ್ದು ಸಣ್ಣ ಸಣ್ಣ ಕೆಲಸಗಳು: ಪ್ರತಿ ಮಳೆಗಾಲದ ಮೊದಲು ಗಾರೆ-ಕಂಬಿಗಳ ತಪಾಸಣೆ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳಿಂದಲೇ ರಿಪೇರಿ, ಮತ್ತು ಕೆಳಗೆ ಕನ್ನಡದಲ್ಲಿ ಗೋಪುರದ ಕಥೆ ಹೇಳುವ ಒಂದು ಫಲಕ. ಫಲಕವಂತೂ ಟಾಗೋರ್ ಪಾರ್ಕಿಗೂ ಬೇಕು.