ಹೃದಯದ ಪ್ರಾಥಮಿಕ ಗಡ್ಡೆಗಳ ಶಸ್ತ್ರಚಿಕಿತ್ಸೆ: ಎಷ್ಟು ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು

ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಬಹಳ ಅಪರೂಪ. ಬೇರೆ ಅಂಗದ ಕ್ಯಾನ್ಸರ್ ಹರಡಿ ಹೃದಯಕ್ಕೆ ಬರುವುದು ಇದಕ್ಕಿಂತ ಕನಿಷ್ಠ 20 ಪಟ್ಟು ಹೆಚ್ಚು. ಹಾಗಾಗಿ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಏನೋ ಒಂದು ಉಂಡೆ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ರಕ್ತದ ಹೆಪ್ಪೇ? ಕವಾಟಕ್ಕೆ ಸೋಂಕು ತಗುಲಿ ಬೆಳೆದ ಗಂಟೇ? ಬೇರೆಡೆಯಿಂದ ಬಂದ ಕ್ಯಾನ್ಸರೇ? ಮೂರೂ ಅಲ್ಲ ಎಂದು ಖಾತ್ರಿಯಾದ ಮೇಲೆಯೇ ಪ್ರಾಥಮಿಕ ಗಡ್ಡೆಯ ಮಾತು. ಅಂಥವುಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ.

ಕ್ಯಾನ್ಸರ್ ಅಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬಾರದು. ಕ್ಯಾನ್ಸರ್ ಅಲ್ಲದ ಒಂದು ಸೆಂಟಿಮೀಟರಿನ ಗಡ್ಡೆಯೂ ಹೃದಯಕ್ಕೇ ರಕ್ತ ಕೊಡುವ ಕರೊನರಿ ಅಪಧಮನಿಯ ಬಾಯಿ ಮುಚ್ಚಬಲ್ಲದು. ಇನ್ನೊಂದು ತೊಡಕೂ ಇದೆ. ಬೇರೆ ಅಂಗಗಳಲ್ಲಿ ಗಡ್ಡೆಯ ಸುತ್ತ ಆರೋಗ್ಯವಾದ ಭಾಗವನ್ನೂ ಧಾರಾಳವಾಗಿ ತೆಗೆಯಬಹುದು. ಇಲ್ಲಿ ಹಾಗೆ ತೆಗೆದರೆ ಕವಾಟವೋ, ವಿದ್ಯುತ್ ಸಂಚಾರದ ದಾರಿಯೋ, ಹೃತ್ಕುಕ್ಷಿಯ ಸ್ನಾಯುವೋ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಈ ಪಾಠ ಓದುವಾಗ ಪ್ರತಿ ಗಡ್ಡೆಯ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಅಂಚು (ಗಡ್ಡೆಯ ಸುತ್ತ ಸೇರಿಸಿ ತೆಗೆಯುವ ಆರೋಗ್ಯವಾದ ಭಾಗ) ಎಷ್ಟು ಬೇಕು? ಉತ್ತರ ಒಂದೊಂದಕ್ಕೂ ಬೇರೆ.

ಕ್ಯಾನ್ಸರ್ ಅಲ್ಲದ ಗಡ್ಡೆಯಾದ ಮಿಕ್ಸೋಮಾದಿಂದ ಶುರುಮಾಡೋಣ, ಅದನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದವು ಸುಲಭ. ಸುಮಾರು 75–80% ಮಿಕ್ಸೋಮಾಗಳು ಎಡ ಹೃತ್ಕರ್ಣದಲ್ಲಿರುತ್ತವೆ. ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ, ಫೋಸಾ ಒವಾಲಿಸ್ ಎಂಬ ತಗ್ಗಿನ ಬಳಿ, ಸಾಮಾನ್ಯವಾಗಿ ತೊಟ್ಟಿನಿಂದ ಅಂಟಿಕೊಂಡಿರುತ್ತವೆ. ಲೋಳೆಯಂತೆ ಮೆದು, ಮುಟ್ಟಿದರೆ ಚೂರಾಗುವಂಥದ್ದು. ತೊಂದರೆ ಮೂರು ದಾರಿಯಲ್ಲಿ ಬರುತ್ತದೆ. ಗಡ್ಡೆ ಮೈಟ್ರಲ್ ಕವಾಟದ ಬಾಯಿಗೆ ಅಡ್ಡ ಬಂದರೆ ಉಸಿರುಗಟ್ಟುತ್ತದೆ, ಕೆಲವೊಮ್ಮೆ ಪ್ರಜ್ಞೆ ತಪ್ಪುತ್ತದೆ. ಚೂರು ಕಳಚಿ ರಕ್ತದಲ್ಲಿ ಹೋದರೆ ಪಾರ್ಶ್ವವಾಯು. ಮೂರನೆಯದನ್ನು ವಿದ್ಯಾರ್ಥಿಗಳು ಮರೆಯುವುದೇ ಹೆಚ್ಚು: ಗಡ್ಡೆ ಸ್ರವಿಸುವ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ರಾಸಾಯನಿಕದಿಂದ ಜ್ವರ, ತೂಕ ಇಳಿಕೆ, ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಏರಿಕೆ. ಇಂಥ ರೋಗಿಗೆ ತಿಂಗಳುಗಟ್ಟಲೆ ಬೇರೆ ಕಾಯಿಲೆ ಹುಡುಕುತ್ತಾ ಕೂರುವ ಅಪಾಯವಿದೆ. ಮಿಕ್ಸೋಮಾ ಎಂದು ಗೊತ್ತಾದ ಮೇಲೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಿಲ್ಲ. ಮುಂದಿನ ಚೂರು ಯಾವಾಗ ಕಳಚುತ್ತದೆ ಎಂದು ಯಾರೂ ಹೇಳಲಾರರು.

1953ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಬಳಸಿ ಮೊದಲ ಬಾರಿ ಯಶಸ್ವಿಯಾಗಿ ಹೃದಯದೊಳಗೆ ಕೆಲಸ ಮಾಡಿದರು. ಮರುವರ್ಷವೇ, 1954ರಲ್ಲಿ, ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ ಅಂಥ ಯಂತ್ರದ ನೆರವಿನಿಂದ ಎಡ ಹೃತ್ಕರ್ಣದ ಮಿಕ್ಸೋಮಾವನ್ನು ತೆಗೆದರು. ಈ ಎರಡು ಇಸವಿಗಳು ಹತ್ತಿರವಿರುವುದು ಕಾಕತಾಳೀಯವಲ್ಲ. ಹೃದಯವನ್ನು ನಿಲ್ಲಿಸಿ ರಕ್ತ ಖಾಲಿ ಮಾಡದೆ ಈ ಗಡ್ಡೆಯನ್ನು ಇಡಿಯಾಗಿ ತೆಗೆಯುವುದು ಅಸಾಧ್ಯಕ್ಕೆ ಹತ್ತಿರ.

ಶಸ್ತ್ರಚಿಕಿತ್ಸೆಯ ಹಂತಗಳನ್ನು ಬಾಯಿಪಾಠ ಮಾಡಬೇಡಿ. "ಚೂರು ಕಳಚಬಾರದು" ಎಂಬ ಒಂದೇ ಭಯದಿಂದ ಎಲ್ಲವೂ ತಾನಾಗಿ ಬರುತ್ತವೆ. ಎದೆಮೂಳೆ ಸೀಳಿ, ಅಥವಾ ಆಯ್ದ ರೋಗಿಗಳಲ್ಲಿ ಬಲಪಕ್ಕೆಯ ಚಿಕ್ಕ ಗಾಯದ ಮೂಲಕ ಹೃದಯ ತಲುಪುತ್ತಾರೆ. ಮಹಾಪಧಮನಿಗೆ ಕ್ಲಾಂಪ್ ಹಾಕುವವರೆಗೆ ಹೃದಯವನ್ನು ಎತ್ತುವುದಿಲ್ಲ, ಅದುಮುವುದಿಲ್ಲ. ರಕ್ತವನ್ನು ಯಂತ್ರಕ್ಕೆ ಒಯ್ಯುವ ತೂರುನಳಿಕೆಗಳನ್ನು ಎರಡೂ ಮಹಾಅಭಿಧಮನಿಗಳಿಗೆ ಬೇರೆಬೇರೆಯಾಗಿ ಹಾಕುತ್ತಾರೆ. ಗಡ್ಡೆ ಬಲ ಹೃತ್ಕರ್ಣದಲ್ಲಿದ್ದರೆ ನಳಿಕೆ ಗಡ್ಡೆಗೆ ತಗುಲಬಾರದು, ಹಾಗಾಗಿ ತೊಡೆಯ ಅಥವಾ ಕುತ್ತಿಗೆಯ ಅಭಿಧಮನಿಯಿಂದ ಹೋಗುವುದೂ ಉಂಟು. ಅನ್ನನಾಳದೊಳಗೆ ಇಳಿಸಿದ ಎಕೋ ಉದ್ದಕ್ಕೂ ದಾರಿ ತೋರಿಸುತ್ತಿರುತ್ತದೆ. ಕಾರ್ಡಿಯೋಪ್ಲೀಜಿಯಾ (ಹೃದಯದ ಬಡಿತ ನಿಲ್ಲಿಸುವ ದ್ರಾವಣ) ಕೊಟ್ಟು ಹೃದಯ ನಿಂತ ಮೇಲೆ ಎಡ ಹೃತ್ಕರ್ಣವನ್ನು ನೇರವಾಗಿ ತೆರೆಯಬಹುದು, ಬಲ ಹೃತ್ಕರ್ಣದಿಂದ ನಡುಗೋಡೆ ದಾಟಬಹುದು, ಇಲ್ಲವೇ ಎರಡನ್ನೂ ತೆರೆಯಬಹುದು. ದೊಡ್ಡ ಗಡ್ಡೆಗೆ ಕೊನೆಯದೇ ಒಳ್ಳೆಯದು ಎಂದು ನನಗನ್ನಿಸುತ್ತದೆ, ಏಕೆಂದರೆ ತೊಟ್ಟಿನ ಬುಡವನ್ನು ಎರಡೂ ಕಡೆಯಿಂದ ನೋಡಿ ಕತ್ತರಿಸಬಹುದು. ಗಡ್ಡೆಯನ್ನು ಹಿಡಿದೆಳೆಯದೆ, ತೊಟ್ಟು ಕೂತಿರುವ ಗೋಡೆಯ ಭಾಗವನ್ನೂ ಸೇರಿಸಿ ಇಡಿಯಾಗಿ ತೆಗೆಯುತ್ತಾರೆ. ಗೋಡೆಯಲ್ಲಿ ಉಳಿದ ರಂಧ್ರ ಚಿಕ್ಕದಾದರೆ ನೇರ ಹೊಲಿಗೆ, ದೊಡ್ಡದಾದರೆ ರೋಗಿಯದೇ ಪೆರಿಕಾರ್ಡಿಯಂನಿಂದ (ಹೃದಯವನ್ನು ಸುತ್ತಿದ ಪೊರೆ) ತೇಪೆ. ಆಮೇಲೆ ಕೋಣೆಗಳನ್ನೆಲ್ಲ ಪರೀಕ್ಷಿಸಿ, ಸಲೈನ್‌ನಿಂದ ತೊಳೆದು, ಆ ನೀರನ್ನು ಯಂತ್ರಕ್ಕೆ ಹಿಂದಿರುಗಿಸದೆ ಹೊರಚೆಲ್ಲುತ್ತಾರೆ. ಮೈಟ್ರಲ್ ಕವಾಟ ಸೋರುತ್ತಿದೆಯೇ ಎಂದು ನೋಡದೆ ಹೃತ್ಕರ್ಣ ಮುಚ್ಚಬಾರದು; ಗಡ್ಡೆ ಗುದ್ದಿ ಗುದ್ದಿ ಕವಾಟ ಹಾಳಾಗಿರಬಹುದು.

ಒಂಟಿಯಾಗಿ ಬರುವ ಮಿಕ್ಸೋಮಾ ಮರುಕಳಿಸುವುದು ನೂರಕ್ಕೆ ಒಂದರಿಂದ ಮೂರು. ಕಾರ್ನಿ ಕಾಂಪ್ಲೆಕ್ಸ್ ಇದ್ದವರಲ್ಲಿ ಲೆಕ್ಕವೇ ಬೇರೆ. ಇದು ವಂಶವಾಹಿ ಕಾಯಿಲೆ. ಹಲವರಲ್ಲಿ ಪಿಆರ್‌ಕೆಎಆರ್1ಎ ಜೀನಿನ ದೋಷ ಕಾಣುತ್ತದೆ. ಇವರಿಗೆ ಚಿಕ್ಕ ವಯಸ್ಸಿನಲ್ಲೇ, ಹಲವು ಕಡೆ, ಮತ್ತೆ ಮತ್ತೆ ಮಿಕ್ಸೋಮಾ ಬರುತ್ತದೆ. ಅಂಚು ಎಷ್ಟು ಅಗಲ ತೆಗೆದರೂ ಇನ್ನೊಂದು ಜಾಗದಲ್ಲಿ ಹೊಸದು ಹುಟ್ಟುವುದನ್ನು ತಡೆಯಲಾಗದು. ಮುಖದಲ್ಲಿ, ತುಟಿಯಲ್ಲಿ ಕಪ್ಪು ಚುಕ್ಕೆಗಳಿರುವ ಯುವ ರೋಗಿಗೆ ಮಿಕ್ಸೋಮಾ ಕಂಡರೆ ಮನೆಯವರಿಗೂ ಎಕೋ ಮಾಡಿಸಬೇಕು.

ಕ್ಯಾನ್ಸರ್ ಅಲ್ಲದ ಇನ್ನೊಂದು ಗಡ್ಡೆ ಪ್ಯಾಪಿಲ್ಲರಿ ಫೈಬ್ರೋಎಲಾಸ್ಟೋಮಾ ಹೆಚ್ಚಾಗಿ ಮಹಾಪಧಮನಿಯ ಕವಾಟದ ಎಸಳಿನ ಮೇಲೆ ಬೆಳೆಯುತ್ತದೆ. ನೀರಿಗೆ ಹಾಕಿದರೆ ಸಮುದ್ರದ ಅನಿಮೋನ್‌ನಂತೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಇಲ್ಲಿ ಅಗಲವಾದ ಅಂಚು ಬೇಡವೇ ಬೇಡ. ಎಸಳಿನ ಮೇಲ್ಮೈಯಿಂದ ಹೆರೆದು ತೆಗೆದರೆ ಸಾಕು, ಬಹುಪಾಲು ಕವಾಟ ಉಳಿಯುತ್ತದೆ. ಎಡಭಾಗದಲ್ಲಿದ್ದು ಅಲುಗಾಡುತ್ತಿದ್ದರೆ, ಅಥವಾ ಈಗಾಗಲೇ ಪಾರ್ಶ್ವವಾಯು ಆಗಿದ್ದರೆ ತೆಗೆಯುತ್ತಾರೆ.

ಮಕ್ಕಳಲ್ಲಿ ಲೆಕ್ಕ ತಲೆಕೆಳಗು. ಅವರಲ್ಲಿ ಹೆಚ್ಚಾಗಿ ಕಾಣುವುದು ರ‍್ಯಾಬ್ಡೋಮಯೋಮಾ, ಅನೇಕರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಜೊತೆಗೆ. ಇವು ಮಗು ಬೆಳೆದಂತೆ ತಾವಾಗಿ ಕುಗ್ಗುತ್ತವೆ. ರಕ್ತದ ಹರಿವಿಗೆ ತಡೆಯಾದರೆ, ಹೃದಯದ ಲಯ ಹತೋಟಿಗೆ ಸಿಗದಿದ್ದರೆ ಮಾತ್ರ ಕತ್ತಿ. ಆಗಲೂ ತಡೆ ಬಿಡಿಸುವಷ್ಟೇ ತೆಗೆಯುತ್ತಾರೆ. ಎವೆರೊಲಿಮಸ್ ಎಂಬ ಔಷಧ ಕೊಟ್ಟಾಗ ಗಡ್ಡೆ ಕುಗ್ಗಿದ ವರದಿಗಳೂ ಇವೆ. ಫೈಬ್ರೋಮಾ ಎಂಬ ಇನ್ನೊಂದು ಗಡ್ಡೆ ಹಾಗಲ್ಲ. ಅದು ಹೃತ್ಕುಕ್ಷಿಯ ಗೋಡೆಯೊಳಗೆ ಗಟ್ಟಿಯಾಗಿ ಕೂತಿರುತ್ತದೆ, ಕುಗ್ಗುವುದಿಲ್ಲ, ಮಾರಕ ಲಯತಪ್ಪಿಕೆ ತರಬಹುದು. ಪೂರ್ತಿ ತೆಗೆಯಲು ಹೋಗಿ ಕವಾಟದ ಆಧಾರ ಕಳೆಯುವ ಹಾಗಿದ್ದರೆ ಸ್ವಲ್ಪ ಬಿಟ್ಟುಬರುವುದೇ ಸರಿ. ತೆಗೆಯಲು ಸಾಧ್ಯವೇ ಇಲ್ಲದಿದ್ದರೆ ಹೃದಯ ಕಸಿ.

ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆ ನಿಜಕ್ಕೂ ಕಠಿಣ. ಅಂಚು ಸ್ವಚ್ಛವಾಗಿ, ಅಂದರೆ ಅದರಲ್ಲಿ ಕ್ಯಾನ್ಸರ್ ಕೋಶಗಳಿಲ್ಲದೆ, ಸಿಕ್ಕರೆ ಆಯುಷ್ಯ ಹೆಚ್ಚುತ್ತದೆ, ಆದರೆ ಅಂಚು ಸಿಗುವುದೇ ಕಷ್ಟ. ಆಂಜಿಯೋಸಾರ್ಕೋಮಾ ಎಂಬ ಬಗೆ ಹೆಚ್ಚಾಗಿ ಬಲ ಹೃತ್ಕರ್ಣದಲ್ಲಿ ಹುಟ್ಟಿ ಸುತ್ತ ಹಬ್ಬುತ್ತದೆ. ಪತ್ತೆಯಾಗುವಷ್ಟರಲ್ಲಿ ಅನೇಕರಲ್ಲಿ ಶ್ವಾಸಕೋಶಕ್ಕೆ ಹೋಗಿರುತ್ತದೆ. ಬಲಭಾಗದ ಸಾರ್ಕೋಮಾಗೆ ಮೊದಲು ಕೀಮೋಥೆರಪಿ ಕೊಟ್ಟು ಕುಗ್ಗಿಸಿ ನಂತರ ಕತ್ತರಿಸುವ ಕ್ರಮವಿದೆ. ಎಡ ಹೃತ್ಕರ್ಣದ ಹಿಂಗೋಡೆಯಲ್ಲಿದ್ದರೆ ಕೈಯೇ ಸರಿಯಾಗಿ ತಲುಪುವುದಿಲ್ಲ. ಅದಕ್ಕೆ ಹುಟ್ಟಿದ ದಾರಿ ಆಟೋಟ್ರಾನ್ಸ್‌ಪ್ಲಾಂಟೇಶನ್: ಹೃದಯವನ್ನು ದೇಹದಿಂದ ಹೊರತೆಗೆದು, ಗಡ್ಡೆಯನ್ನು ಕತ್ತರಿಸಿ, ಪೆರಿಕಾರ್ಡಿಯಂನಿಂದ ಗೋಡೆ ಕಟ್ಟಿ, ಅದೇ ರೋಗಿಗೆ ಮರಳಿ ಹೊಲಿಯುವುದು. 1985ರಲ್ಲಿ ಅಮೆರಿಕದ ಶಸ್ತ್ರವೈದ್ಯ ಡೆಂಟನ್ ಕೂಲಿ ಇದನ್ನು ವರದಿ ಮಾಡಿದರು, ರೋಗಿ ಉಳಿಯಲಿಲ್ಲ. 1998ರಲ್ಲಿ ಹ್ಯೂಸ್ಟನ್‌ನ ಮೈಕಲ್ ರಿಯರ್ಡನ್ ಸಾರ್ಕೋಮಾಗೆ ಇದನ್ನು ಯಶಸ್ವಿಯಾಗಿ ಮಾಡಿದರು. ಶ್ವಾಸಕೋಶವನ್ನೂ ಜೊತೆಗೆ ತೆಗೆಯಬೇಕಾಗಿ ಬಂದರೆ ಸಾವಿನ ಅಪಾಯ ತೀರಾ ಏರುತ್ತದೆ, ಆದ್ದರಿಂದ ರೋಗಿಯ ಆಯ್ಕೆಯಲ್ಲಿ ಕಟ್ಟುನಿಟ್ಟು ಬೇಕು.

ಇನ್ನೆರಡು ಎಚ್ಚರಿಕೆಗಳು. ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಗಡ್ಡೆ ಅಡ್ರಿನಲಿನ್ ಜಾತಿಯ ಹಾರ್ಮೋನು ಸುರಿಸುತ್ತಿದ್ದರೆ ಮೊದಲು ಆಲ್ಫಾ ಬ್ಲಾಕರ್ ಕೊಟ್ಟು ರಕ್ತದೊತ್ತಡ ಹಿಡಿತಕ್ಕೆ ತರದೆ ಮುಟ್ಟಬಾರದು. ಇನ್ನು ಹೃದಯದ ಲಿಂಫೋಮಾಗೆ (ಬಿಳಿ ರಕ್ತಕಣಗಳ ಕ್ಯಾನ್ಸರ್) ಚಿಕಿತ್ಸೆ ಕೀಮೋಥೆರಪಿಯೇ. ಬಲ ಹೃತ್ಕರ್ಣದಲ್ಲಿ ಹಬ್ಬಿದ ಗಡ್ಡೆ, ಸುತ್ತ ನೀರು ತುಂಬಿದ ಪೆರಿಕಾರ್ಡಿಯಂ ಕಂಡಾಗ ಮೊದಲು ಆ ನೀರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು, ಉತ್ತರ ಸಿಗದಿದ್ದರೆ ಬಯಾಪ್ಸಿ. ಅದರಲ್ಲಿ ಲಿಂಫೋಮಾ ಎಂದು ಬಂದರೆ ಎದೆ ತೆರೆದು ಗಡ್ಡೆ ಕತ್ತರಿಸುವ ಅಗತ್ಯವೇ ಇಲ್ಲ.