ಕೊಡಲಿ ಕಾವು ಜಾರಲೂಬೇಕು, ಜಾರಲೂಬಾರದು

ಅಂಗಡಿಯಿಂದ ತಂದ ಹೊಸ ಕೊಡಲಿಯ ಕಾವು ಫಳಫಳ ಹೊಳೆಯುತ್ತದೆ. ಹತ್ತು ಏಟು ಹಾಕುವಷ್ಟರಲ್ಲಿ ಕೈ ಬೆವರಿ ಜಾರತೊಡಗುತ್ತದೆ. ಆಗ ಸಿಗುವ ಸಲಹೆ ಗೊತ್ತೇ ಇದೆಯಲ್ಲ: ಹಳೇ ಸೈಕಲ್ ಟ್ಯೂಬ್ ಸುತ್ತು, ಇಲ್ಲವೇ ಕಚ್ಚು ಹಾಕಿ ಒರಟು ಮಾಡು. ಒರಟಾದಷ್ಟೂ ಹಿಡಿತ ಜಾಸ್ತಿ ಅನ್ನುವ ಈ ಲೆಕ್ಕ ಅರ್ಧ ತಪ್ಪು.

ಸೌದೆ ಒಡೆಯುವವರ ಕೈ ನೋಡಿ. ಕೊಡಲಿ ಎತ್ತುವಾಗ ಒಂದು ಕೈ ಕೊಡಲಿಯ ತಲೆಯ, ಅಂದರೆ ಕಬ್ಬಿಣದ ಭಾಗದ ಹತ್ತಿರ, ಇನ್ನೊಂದು ಕಾವಿನ ತುದಿಯಲ್ಲಿ. ಬೀಸುವಾಗ ಮೇಲಿನ ಕೈ ಸರ್ರನೆ ಜಾರಿ ಬಂದು ಕೆಳಗಿನ ಕೈಯನ್ನು ಸೇರುತ್ತದೆ. ಅದೇ ಕೋಲು ಒಂದು ಕೈಗೆ ಜಾರಬೇಕು, ಇನ್ನೊಂದಕ್ಕೆ ಕಚ್ಚಿಕೊಳ್ಳಬೇಕು. ಉದ್ದಕ್ಕೂ ರಬ್ಬರ್ ಸುತ್ತಿದರೆ ಮೇಲಿನ ಕೈಯ ಚರ್ಮ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಒಳಗಿನ ಮೂಳೆ ಮುಂದೆ ಹೋಗುತ್ತದೆ. ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಬೊಬ್ಬೆ ಏಳುವುದು ಹೀಗೆ.

ಕೆಳಗಿನ ಕೈಯ ಪಾಡೇ ಬೇರೆ. ತಲೆಯ ತೂಕ ಒಂದೂವರೆ ಕೆಜಿ, ವೇಗ ಸೆಕೆಂಡಿಗೆ 10 ಮೀಟರ್, ಬೀಸಿನ ತ್ರಿಜ್ಯ 1 ಮೀಟರ್ ಅಂದುಕೊಳ್ಳಿ. ಕೊಡಲಿ ಕೈ ಬಿಟ್ಟು ಹೋಗಲು ಎಳೆಯುವ ಬಲ 150 ನ್ಯೂಟನ್, ಅಂದರೆ ಸುಮಾರು 15 ಕೆಜಿ ತೂಕದಷ್ಟು. ಘರ್ಷಣಾಂಕ, ಅಂದರೆ ಒತ್ತಿದ ಬಲದಲ್ಲಿ ಎಷ್ಟು ಪಾಲು ಹಿಡಿತವಾಗುತ್ತದೆ ಅನ್ನುವ ಲೆಕ್ಕ, 0.5 ಇದ್ದರೆ 30 ಕೆಜಿಯಷ್ಟು ಅದುಮಿ ಹಿಡಿದರೆ ಸಾಕು. ಅದು 0.2ಕ್ಕೆ ಇಳಿದರೆ 75 ಕೆಜಿ ಬೇಕು! ಅಮೆರಿಕದ ಕೊಡಲಿಗಳ ಕಾವಿನ ತುದಿ ಉಬ್ಬಿಕೊಂಡು ಬಾಗಿರುವುದು ಸುಮ್ನೆ ಅಲ್ಲ. ಬೆರಳು ಸೋತಾಗ ಆ ಉಬ್ಬು ತಡೆಯುತ್ತದೆ.

ಇನ್ನು ಘರ್ಷಣೆಯ ವಿಷಯ. ತಾಗುವ ಜಾಗ ಎಷ್ಟಿದ್ದರೂ ಘರ್ಷಣೆ ಬದಲಾಗುವುದಿಲ್ಲ, ಒತ್ತುವ ಬಲವೇ ಮುಖ್ಯ ಎಂದು ಫ್ರಾನ್ಸಿನ ವಿಜ್ಞಾನಿ ಅಮೊಂಟನ್ಸ್ 1699ರಲ್ಲಿ ಹೇಳಿದ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಅದನ್ನೇ. ಆದರೆ ಮೆತ್ತನೆಯ ಚರ್ಮ ಈ ನಿಯಮಕ್ಕೆ ಬಗ್ಗುವುದಿಲ್ಲ. ಅದು ಎಷ್ಟು ಜಾಗಕ್ಕೆ ನಿಜವಾಗಿ ತಾಗುತ್ತದೋ ಅಷ್ಟು ಹಿಡಿತ. ಬೆರಳ ತುದಿಯ ಗೆರೆಗಳು ಇರುವುದೇ ಹಿಡಿತಕ್ಕೆ ಅಂತ ಎಲ್ಲರೂ ನಂಬಿದ್ದರು, ಅಲ್ವಾ? 2009ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ನುಣುಪಾದ ಅಕ್ರಿಲಿಕ್ ಪ್ಲಾಸ್ಟಿಕ್ ಮೇಲೆ ಅಳೆದು ನೋಡಿದರು. ಅಲ್ಲಿ ಗೆರೆಗಳು ತಾಗುವ ಜಾಗವನ್ನು ಕಡಿಮೆಯೇ ಮಾಡುತ್ತಿದ್ದವು.

ಕೆಲಸಕ್ಕೆ ಮೊದಲು ಅಂಗೈಗೆ ಉಗುಳಿ ಉಜ್ಜಿಕೊಳ್ಳುವುದನ್ನು ಕೊಳಕು ಅನ್ನಿ, ಮೂಢನಂಬಿಕೆ ಅನ್ನಬೇಡಿ. ತುಸು ಒದ್ದೆಯಾದ ಚರ್ಮ ಮೆತ್ತಗಾಗಿ ಮರದ ಏರುತಗ್ಗಿಗೆ ಕೂರುತ್ತದೆ, ಹಿಡಿತ ಏರುತ್ತದೆ. ಒದ್ದೆ ಅತಿಯಾದರೆ ನೀರೇ ತೆಳು ಪದರವಾಗಿ ನಡುವೆ ನಿಂತು ಜಾರಿಸುತ್ತದೆ. ಬರಿ ಮರ ಆ ಹೆಚ್ಚಿನ ಬೆವರನ್ನು ಹೀರಿಕೊಳ್ಳುತ್ತದೆ. ವಾರ್ನಿಷ್ ಬಳಿದ ಕಾವಿನಲ್ಲಿ ಆ ಬೆವರಿಗೆ ಹೋಗಲು ದಾರಿಯಿಲ್ಲ, ಮಳೆ ಬಿದ್ದ ಟೈಲ್ಸ್ ನೆಲದ ಕಥೆಯೇ.

ಹಾಗಾಗಿ ಮೊದಲು ವಾರ್ನಿಷ್ ಕೆರೆದು ತೆಗೆಯಿರಿ. ಚಾಕುವಿನ ಅಲಗು ನೆಟ್ಟಗೆ ಹಿಡಿದು ಎಳೆದರೆ ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ. ಆಮೇಲೆ 120ನೇ ನಂಬರಿನ ಉಪ್ಪುಕಾಗದ ಸಾಕು. ತೀರಾ ನುಣ್ಣಗೆ ಮಾಡುವ ಗೋಜು ಬೇಡ. ಕಚ್ಚು ಹಾಕಲೇಬೇಕೆಂದರೆ ತುದಿಯ ಒಂದು ಹಿಡಿಯಷ್ಟು ಜಾಗಕ್ಕೆ ಮಾತ್ರ, ಅದೂ ತೆಳ್ಳಗೆ. ಆಳವಾದ ಕಚ್ಚಿನಿಂದಲೇ ಕಾವು ಸೀಳುತ್ತದೆ.

ವಾರ್ನಿಷ್ ತೆಗೆದ ಮರಕ್ಕೆ ಎಣ್ಣೆ ಹಚ್ಚುವುದಾದರೆ ಯಾವುದು? ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಅವು ಒಣಗುವುದೇ ಇಲ್ಲ, ಕಾವು ಸದಾ ಜಿಡ್ಡು. ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯ ಆಮ್ಲಜನಕ ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಮರದೊಳಗೇ ಗಟ್ಟಿಯಾಗುತ್ತದೆ. ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಕೆಲವು ದಿನ ಒಣಗಲು ಬಿಡಿ. ಈ ಒಣಗುವ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆ ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.