ಸ್ಯಾಂಪಲ್ ಮನೆಯಲ್ಲೇ ಆಯಿತು, ಮುಂದಿನ ದಾರಿಗೆ ಅನುದಾನ ಎಲ್ಲಿ?

ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅಧ್ಯಯನದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಬಂದ ಹೆಣ್ಣುಮಗಳೊಬ್ಬರು ಪರದೆಯ ತನಕ ಬಂದು ನಿಂತುಬಿಟ್ಟರು. "ಮೇಜಿನ ಮ್ಯಾಲ ಮಲಗೂದು ನನ್ನ ಕಡಿಂದ ಆಗೂದಿಲ್ರಿ ಅಕ್ಕಾರ" ಅಂದರು. ಕೈಗೆ ಸ್ವ್ಯಾಬ್ ಕೊಟ್ಟೆ. ಕಿವಿಗೆ ಹಾಕುವ ಹತ್ತಿಕಡ್ಡಿಯಂಥದ್ದೇ, ಸ್ವಲ್ಪ ಉದ್ದ. ಯೋನಿಯೊಳಗೆ ಹಾಕಿ ನಿಧಾನಕ್ಕೆ ನಾಲ್ಕೈದು ಸುತ್ತು ತಿರುಗಿಸಿ, ಕೊಳವೆಯಲ್ಲಿಟ್ಟು ಮುಚ್ಚಿದರೆ ಆಯಿತು. ಬಚ್ಚಲಿಗೆ ಹೋಗಿ ಐದು ನಿಮಿಷಕ್ಕೆ ತಂದುಕೊಟ್ಟರು. "ಇಷ್ಟ ಏನ್ರಿ?"

ಹೌದು, ಇಷ್ಟೇ. ಹೀಗೆ ತಾವೇ ತೆಗೆದ ಸ್ಯಾಂಪಲ್ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಅದರಲ್ಲಿ ಈ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಇದೆಯೇ ಎಂದು ನೋಡುತ್ತಾರೆ. ಈ ಪರೀಕ್ಷೆಯ ಬಲ ಗೊತ್ತಾಗಿದ್ದು ನಮ್ಮ ನೆರೆಯಲ್ಲೇ. ಸೊಲ್ಲಾಪುರದ ಆಚೆಯ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಮಹಿಳೆಯರ ಅಧ್ಯಯನ ನಡೆಯಿತು. ಅಲ್ಲಿ ಸ್ಯಾಂಪಲ್ ತೆಗೆದದ್ದು ಆರೋಗ್ಯ ಸಿಬ್ಬಂದಿ. ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರ್‌ನ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕಿಳಿಸಿತು. 2009ರಲ್ಲಿ ಫಲಿತಾಂಶ ಬಂತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡಿದ್ದ 30–49 ವಯಸ್ಸಿನ ಮಹಿಳೆಯರು ನೂರಕ್ಕೆ ಇಬ್ಬರೂ ಇಲ್ಲ.

ಹಾಗಾಗಿ ಮನೆಯಲ್ಲೇ ತಾವೇ ಸ್ಯಾಂಪಲ್ ತೆಗೆದು ಕೊಡುವ ಪರೀಕ್ಷೆಯ ಸಂಶೋಧನೆಗೆ ದುಡ್ಡು ಹಾಕಲೇಬೇಕು. ನನ್ನ ತಕರಾರು ಬೇರೆ. ದುಡ್ಡೆಲ್ಲ ಕಿಟ್‌ಗೇ ಹೋಗುತ್ತದೆ. ಕಿಟ್ ಎಷ್ಟು ನಿಖರ ಅನ್ನೋದಕ್ಕೆ ಪುಟಗಟ್ಟಲೆ ಲೆಕ್ಕ ಇರುತ್ತದೆ. ಪಾಸಿಟಿವ್ ಬಂದವರಿಗೆ ಯಾರು, ಹೇಗೆ ಹೇಳಬೇಕು? ಅದೂ ಸಂಶೋಧನೆಯೇ ಅಲ್ವಾ?

ಆ ಹೆಣ್ಣುಮಗಳ ವರದಿ ಪಾಸಿಟಿವ್ ಬಂತು. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಬಹಳಷ್ಟು ಜನರಲ್ಲಿ ಈ ಸೋಂಕು ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಉಳಿದುಕೊಂಡರೆ ಮಾತ್ರ, ನಿಧಾನಕ್ಕೆ, ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು. ಇದನ್ನು ಎದುರು ಕೂತು ಹೇಳಬೇಕು. ಅಷ್ಟರಲ್ಲಿ ಅವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ನಮ್ಮ ಬಳಿ ಇದ್ದದ್ದು ಮಗನ ಫೋನ್ ನಂಬರ್. ತಾಯಿಯ ಇಂಥ ವರದಿಯನ್ನು ಮಗನ ವಾಟ್ಸಾಪ್‌ಗೆ ಹಾಕೋದು ಹೇಗೆ? ಹಾಕಲಿಲ್ಲ.

ಹಂಗಾಮು ಮುಗಿದು ಅವರು ಊರಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಹೋಗಿ, ಅವರ ಜೊತೆ ಜೋಳ ಹಸನು ಮಾಡುತ್ತಾ ಎಲ್ಲ ತಿಳಿಸಿದರು. ಮರುದಿನ ತಾವೇ ಕರೆತಂದರು. ಪರೀಕ್ಷಿಸಿದಾಗ ಕ್ಯಾನ್ಸರ್ ಇರಲಿಲ್ಲ, ಅದರ ಹಿಂದಿನ ಹಂತದ ಕಲೆ ಇತ್ತು. ಬ್ಯಾಟರಿಯಲ್ಲಿ ನಡೆಯುವ ಸಾಧನದಿಂದ ಕೆಲವೇ ನಿಮಿಷದಲ್ಲಿ ಅದನ್ನು ಸುಟ್ಟೆವು. ಈ ಸಲ ಮೇಜಿನ ಮೇಲೆ ಮಲಗಿದರು, ಆಶಾ ಅಕ್ಕನ ಕೈ ಹಿಡಿದುಕೊಂಡು.

ಬಸ್ಸೇನೋ ಶಕ್ತಿ ಯೋಜನೆಯಲ್ಲಿ ಪುಕ್ಕಟೆ. ಆ ದಿನ ಅವರು ಕಳೆದುಕೊಂಡ ಕೂಲಿಗೆ ನಮ್ಮ ಅಧ್ಯಯನದ ಬಜೆಟ್‌ನಲ್ಲಿ ಒಂದು ಸಾಲೂ ಇರಲಿಲ್ಲ.